ಬೋರ್ಡ್ ಇಲ್ಲದ ಸ್ಟಾಪಿನಲ್ಲಿ ಸರಿಯಾಗಿ ಇಳಿಯೋದು ಹೇಗೆ: ಕಣ್ಣು ಕಾಣದವರಿಗೆ ಬಸ್ಸು, ಫೋನು, ಕೋಲು

ಬೂದಗುಂಪಾ ಕ್ರಾಸಿನಲ್ಲಿ ಇಳಿಯಬೇಕಿತ್ತು. ಕಂಡಕ್ಟರಿಗೆ ಹೇಳಿ ಕೂತಿದ್ದೆ. ಗಾಡಿ ತುಂಬಿ ತುಳುಕುತ್ತಿತ್ತು, ಅವರು ಮರೆತರು, ನಾನು ಪಕ್ಕದವರನ್ನು ಕೇಳುವಷ್ಟರಲ್ಲಿ ಕ್ರಾಸ್ ದಾಟಿ ಎಷ್ಟೋ ದೂರ ಬಂದಾಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ರಸ್ತೆ ಪಕ್ಕ ಇಳಿಸಿದರು. ಎಡಕ್ಕೇನು, ಬಲಕ್ಕೇನು ಗೊತ್ತಿಲ್ಲ. ಕೇಳೋಣ ಅಂದರೆ ಯಾರೂ ಇಲ್ಲ. ಅವತ್ತಿನಿಂದ ಎಲ್ಲಿ ಇಳಿಯಬೇಕು ಅನ್ನೋದನ್ನ ಬೇರೆಯವರ ನೆನಪಿಗೆ ಬಿಟ್ಟಿಲ್ಲ. ಕೊಪ್ಪಳ, ಗಂಗಾವತಿ ನಡುವೆ ವಾರದಲ್ಲಿ ಐದಾರು ಸಲ ಒಬ್ಬನೇ ಓಡಾಡುತ್ತೇನೆ. ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಫೋನು ಮಾತಾಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಆಕ್ಸೆಸಿಬಿಲಿಟಿ, ಅಲ್ಲಿ ಸ್ಕ್ರೀನಿನ ಮೇಲಿರೋದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ. ಶಾರ್ಟ್‌ಕಟ್ ಇಟ್ಟುಕೊಂಡರೆ ವಾಲ್ಯೂಮಿನ ಎರಡೂ ಬಟನ್ ಒಟ್ಟಿಗೆ 3 ಸೆಕೆಂಡ್ ಒತ್ತಿ ಹಿಡಿದರೆ ಸಾಕು. ಕನ್ನಡ ಧ್ವನಿಯನ್ನು ಮನೆಯಲ್ಲಿ ವೈಫೈ ಇರುವಾಗಲೇ ಇಳಿಸಿಕೊಳ್ಳಿ. ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಒಂದು ವಾರ ಮನೆಯಲ್ಲೇ ಕೂತು ಕೈ ಪಳಗಿಸಿಕೊಳ್ಳಿ, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕಲಿಯೋಕೆ ಹೋಗಬೇಡಿ.

ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಜಿಲ್ಲೆಯ ನಕ್ಷೆಯನ್ನು ಆಫ್‌ಲೈನ್ ಆಗಿ ಇಳಿಸಿಡಿ. ದಾರಿಯಲ್ಲಿ ನೆಟ್ ಹೋಗೋದು ಮಾಮೂಲು. ಆದರೆ ಜಿಪಿಎಸ್‌ಗೆ ನೆಟ್ ಬೇಡ. ಅದು ಉಪಗ್ರಹದಿಂದ ಬರುತ್ತದೆ, ಹೊಲದ ನಡುವೆ ಹೋಗುತ್ತಿದ್ದರೂ ಸಿಗುತ್ತದೆ. ದಾರಿ ಹೇಳುವ ಧ್ವನಿಯನ್ನೂ ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಕಣ್ಣಿನ ಆಸ್ಪತ್ರೆಯ ಸಂಶೋಧಕರು ಆಲ್ ಅಬೋರ್ಡ್ ಅನ್ನೋ ಆಪ್ ಮಾಡಿದ್ದಾರೆ. ಫೋನಿನ ಕ್ಯಾಮೆರಾ ಬಸ್ ಸ್ಟಾಪಿನ ಬೋರ್ಡನ್ನು ಗುರುತಿಸುತ್ತದೆ, ಬೋರ್ಡ್ ಹತ್ತಿರ ಬಂದಂತೆ ಶಬ್ದ ಬದಲಾಗುತ್ತದೆ. ಚೆನ್ನಾಗಿದೆ. ಆದರೆ ನಮ್ಮ ಕಡೆ ಎಷ್ಟೋ ಸ್ಟಾಪುಗಳಿಗೆ ಬೋರ್ಡೇ ಇಲ್ಲ ಅಲ್ವಾ? ಒಂದು ಬೇವಿನ ಮರ, ಒಂದು ಚಹಾ ಅಂಗಡಿ, ನಾಲ್ಕು ಟಂಟಂ ಆಟೋ ನಿಂತಿದ್ದರೆ ಅದೇ ಸ್ಟಾಪು. ಯಾವ ಕಂಪನಿಯ ನಕ್ಷೆಯಲ್ಲೂ ಅದು ಸರಿಯಾಗಿ ಇರೋದಿಲ್ಲ, ಇದ್ದರೂ ರಸ್ತೆಯ ಯಾವ ಬದಿ ಅಂತ ಹೇಳೋದಿಲ್ಲ. ಹಾಗಾಗಿ ನಮ್ಮ ಸ್ಟಾಪಿನ ಗುರುತು ನಾವೇ ಹಾಕಿಕೊಳ್ಳಬೇಕು.

ಇದಕ್ಕೆ ನಾನು ವಾಟ್ಸಾಪ್ ಬಳಸುತ್ತೇನೆ, ಯಾಕೆಂದರೆ ಮ್ಯಾಪ್ಸ್‌ನ ನಕ್ಷೆ ಮೇಲೆ ಬೆರಳಿಟ್ಟು ಸರಿಯಾದ ಜಾಗ ಹುಡುಕೋದು ಟಾಕ್‌ಬ್ಯಾಕ್‌ನಲ್ಲಿ ಕಷ್ಟ. ಮೊದಲ ಸಲ ಮಾತ್ರ ಕಣ್ಣಿರುವ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಸ್ಟಾಪಿನಲ್ಲಿ ಸರಿಯಾಗಿ ಬಸ್ ಬಾಗಿಲು ಬರುವ ಜಾಗದಲ್ಲಿ ನಿಲ್ಲಿ. ವಾಟ್ಸಾಪಿನಲ್ಲಿ ನಿಮ್ಮ ನಂಬರಿಗೆ ನೀವೇ ಮೆಸೇಜ್ ಮಾಡುವ ಚಾಟ್ ತೆರೆದು, ಅಟ್ಯಾಚ್ ಒತ್ತಿ, ಲೊಕೇಶನ್‌ಗೆ ಹೋಗಿ. 'ಈಗಿರುವ ಜಾಗ ಕಳಿಸಿ' ಅನ್ನೋದರ ಕೆಳಗೆ ಎಷ್ಟು ಮೀಟರ್ ಆಚೀಚೆ ಇರಬಹುದು ಅಂತ ಓದುತ್ತದೆ. 40, 50 ಮೀಟರ್ ಅಂದರೆ ಕಳಿಸಬೇಡಿ. ಮರದ ನೆರಳಿನಿಂದ, ತಗಡಿನ ಶೆಡ್ಡಿನಿಂದ ಎರಡು ಹೆಜ್ಜೆ ಹೊರಗೆ ಬಂದು ಸ್ವಲ್ಪ ಹೊತ್ತು ಕಾಯಿರಿ, ಸಂಖ್ಯೆ ಇಳಿಯುತ್ತದೆ. 10ರ ಒಳಗೆ ಬಂದಾಗ ಕಳಿಸಿ.

ಅದರ ಕೆಳಗೇ ಒಂದು ವಾಯ್ಸ್ ಮೆಸೇಜ್ ಹಾಕಿ. ನನ್ನದು ಹೀಗಿದೆ: 'ಬೂದಗುಂಪಾ ಕ್ರಾಸ್, ಗಂಗಾವತಿ ಕಡೆ ಹೋಗುವ ಬದಿ. ಇಳಿದ ತಕ್ಷಣ ಎಡಕ್ಕೆ ಮೋರಿ, ಹುಷಾರು. ಮುಂದೆ ಹತ್ತು ಹೆಜ್ಜೆಗೆ ಮಿರ್ಚಿ ಒಗ್ಗಣ್ಣಿ ಅಂಗಡಿ, ಎಣ್ಣೆ ವಾಸನೆ ಬರುತ್ತದೆ.' ವಾಪಸ್ ಬರುವ ಬದಿಗೆ ಬೇರೆ ಗುರುತು ಹಾಕಲೇಬೇಕು. ಎರಡಕ್ಕೂ ಒಂದೇ ಗುರುತು ಇಟ್ಟುಕೊಂಡರೆ ರಸ್ತೆ ದಾಟುವ ಲೆಕ್ಕ ತಪ್ಪುತ್ತದೆ, ಇದರಲ್ಲಿ ಸೋಮಾರಿತನ ಬೇಡ.

ಬಸ್ ಹತ್ತೋದಕ್ಕೆ ಬನ್ನಿ. ಬರುವ ಗಾಡಿಯ ಬೋರ್ಡನ್ನು ಕ್ಯಾಮೆರಾ ಆಪ್‌ನಿಂದ ಓದಿಸಬಹುದು ಅಂತ ಹೇಳುತ್ತಾರೆ. ಗೂಗಲ್ ಲೆನ್ಸ್ ಕನ್ನಡ ಓದುತ್ತದೆ ನಿಜ, ಆದರೆ ಓಡುವ ಬಸ್ಸು, ಧೂಳು ಹಿಡಿದ ಗಾಜು, ಸಂಜೆಯಾದರೆ ಹೆಡ್‌ಲೈಟು. ನನಗೆ ಅದು ಕೈಕೊಟ್ಟದ್ದೇ ಜಾಸ್ತಿ. ನಿಂತಿರುವ ಗಾಡಿಗೆ, ಗೋಡೆ ಮೇಲಿನ ವೇಳಾಪಟ್ಟಿಗೆ ಮಾತ್ರ ಬಳಸಿ. ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೂರುವ ಜಾಗ ಗೊತ್ತುಮಾಡಿಕೊಂಡು ಅಲ್ಲೇ ಹತ್ತಿರ ನಿಲ್ಲಿ. ಕೇಳುವಾಗ 'ಇದು ಯಾವ ಬಸ್ಸು' ಅನ್ನಬೇಡಿ, 'ಯಣ್ಣಾ, ಗಂಗಾವತಿ ಗಾಡಿ ಇದೇನ್ರೀ, ಬೂದಗುಂಪಾ ಕ್ರಾಸಿಗೆ ನಿಲ್ತೈತೇನ್ರೀ?' ಅಂತ ಕೇಳಿ. ನಿಲ್ಲದ ಗಾಡಿ ಹತ್ತಿಬಿಟ್ಟರೆ ಫೋನಿನಲ್ಲಿ ಏನಿದ್ದರೂ ವ್ಯರ್ಥ.

ಬಸ್ಸೇ ತನ್ನ ಹೆಸರು ಹೇಳುವ ವ್ಯವಸ್ಥೆಯೂ ಇದೆ. ಐಐಟಿ ದೆಹಲಿಯವರು ಮಾಡಿದ ಆನ್‌ಬೋರ್ಡ್ ಅನ್ನೋ ಸಾಧನ ಅದು. ಕೈಯಲ್ಲಿರುವ ಬಟನ್ ಒತ್ತಿದರೆ ಹತ್ತಿರದ ಬಸ್ಸುಗಳ ನಂಬರ್ ಕೇಳಿಸುತ್ತದೆ. ಬೇಕಾದ್ದನ್ನು ಆರಿಸಿದರೆ ಆ ಬಸ್ಸಿನ ಬಾಗಿಲ ಹತ್ತಿರದ ಸ್ಪೀಕರ್ ಶಬ್ದ ಮಾಡುತ್ತದೆ, ಶಬ್ದ ಹಿಡಿದು ಹೋಗಿ ಹತ್ತಬಹುದು. ಮೈಸೂರಿನ ನಗರ ಬಸ್ಸುಗಳಲ್ಲಿ ಇದನ್ನು 'ಧ್ವನಿ ಸ್ಪಂದನ' ಅನ್ನೋ ಹೆಸರಿನಲ್ಲಿ ಹಾಕಿದ್ದಾರೆ. ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೂ ಇದು ಬರಲೇಬೇಕು. ಅರ್ಜಿ ಬರೆಯುವಾಗ ಈ ಹೆಸರು ಹಾಕಿಯೇ ಕೇಳಿ.

ಸೀಟು ಸಿಕ್ಕ ಕೂಡಲೇ ಉಳಿಸಿದ ಲೊಕೇಶನ್ ತೆರೆದು, ಮ್ಯಾಪ್ಸ್‌ನಲ್ಲಿ ಕಾರಿನ ದಾರಿ ಆರಿಸಿ ಶುರುಮಾಡಿ. ಇಯರ್‌ಫೋನ್ ಒಂದೇ ಕಿವಿಗೆ. ಇನ್ನೊಂದು ಕಿವಿ ಬಸ್ಸಿಗೆ ಬೇಕು. ಆಗಾಗ ಸ್ಕ್ರೀನಿನ ಕೆಳಭಾಗ ಮುಟ್ಟಿದರೆ ಇನ್ನೆಷ್ಟು ದೂರ ಅಂತ ಹೇಳುತ್ತದೆ. 2 ಕಿಲೋಮೀಟರ್ ಇದ್ದಾಗ ಕಂಡಕ್ಟರಿಗೆ ನೆನಪು ಮಾಡಿ, 1 ಕಿಲೋಮೀಟರ್ ಇದ್ದಾಗ ಎದ್ದು ಬಾಗಿಲ ಕಡೆ ಬನ್ನಿ. ನಾನೇ ಮುಂಚೆ 'ಕ್ರಾಸ್ ಬಂತ್ರೀ' ಅಂತ ಹೇಳೋಕೆ ಶುರುಮಾಡಿದ ಮೇಲೆ ಕಂಡಕ್ಟರುಗಳು ನನ್ನ ಜೊತೆ ಮಾತಾಡುವ ರೀತಿಯೇ ಬೇರೆಯಾಗಿದೆ.

ಮೂಗನ್ನೂ ಕೆಲಸಕ್ಕೆ ಹಚ್ಚಿ. ಗಿಣಿಗೇರಾ ಹತ್ತಿರ ಕಾರ್ಖಾನೆಗಳ ಹೊಗೆ. ಗಂಗಾವತಿ ಸಮೀಪಿಸಿದರೆ ಗದ್ದೆಯ ತಂಪು, ಆಮೇಲೆ ರೈಸ್ ಮಿಲ್ಲುಗಳಲ್ಲಿ ಭತ್ತ ಬೇಯುವ ವಾಸನೆ. ಫೋನು ಹೇಳಿದ್ದಕ್ಕೂ ಇದಕ್ಕೂ ತಾಳೆ ಆದರೆ ನಿಶ್ಚಿಂತೆ.

ಇಳಿದ ಮೇಲೆ ಫೋನು ಜೇಬಿಗೆ. ಇದನ್ನು ಒತ್ತಿ ಹೇಳುತ್ತೇನೆ. ಬಯಲಲ್ಲೂ ಫೋನಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ಆಗುತ್ತದೆ, ಆ ಐದಾರು ಮೀಟರಿನಲ್ಲೇ ಮೋರಿ ಇರುತ್ತದೆ. ಅಲ್ಲಿಂದ ಮುಂದೆ ಕೋಲು ಮತ್ತು ಬಾಯಿ. ಬಿಳಿ ಕೋಲು ನೆಲದ ಮೇಲಿನದ್ದನ್ನು ಮಾತ್ರ ತೋರಿಸುತ್ತದೆ. ಟ್ರ್ಯಾಕ್ಟರಿನಿಂದ ಹೊರಗೆ ಚಾಚಿದ ಕಬ್ಬಿಣದ ಸಲಾಕೆ ಎದೆಗೇ ತಗಲುತ್ತದೆ. ಐಐಟಿ ದೆಹಲಿಯ ಸ್ಮಾರ್ಟ್‌ಕೇನ್ ಇದಕ್ಕೆ ಸಹಾಯ ಮಾಡುತ್ತದೆ. ಮಾಮೂಲಿ ಕೋಲಿಗೇ ಅದನ್ನು ಸಿಕ್ಕಿಸಬಹುದು. 3 ಮೀಟರ್ ಒಳಗೆ ಮೊಣಕಾಲಿಗಿಂತ ಮೇಲೆ ಏನಾದರೂ ಅಡ್ಡ ಇದ್ದರೆ ಹಿಡಿಕೆ ನಡುಗುತ್ತದೆ.

ರೈಲು ಬಸ್ಸಿಗಿಂತ ಸುಲಭ. ವೇರ್ ಈಸ್ ಮೈ ಟ್ರೈನ್ ಆಪ್ ಕನ್ನಡದಲ್ಲೂ ಇದೆ, ನೆಟ್ ಇಲ್ಲದಿದ್ದರೂ ಮೊಬೈಲ್ ಟವರ್ ನೋಡಿ ಗಾಡಿ ಎಲ್ಲಿದೆ ಅಂತ ಹೇಳುತ್ತದೆ. ಕೊಪ್ಪಳದಿಂದ ಬಳ್ಳಾರಿಗೆ ಹೋಗುವಾಗ ತೋರಣಗಲ್ಲಿಗೆ ಒಂದು ಅಲಾರಂ ಇಟ್ಟುಕೊಳ್ಳಿ, ಬ್ಯಾಗ್ ಎತ್ತಿಕೊಳ್ಳೋಕೆ ಬೇಕಾದಷ್ಟು ಸಮಯ ಸಿಗುತ್ತದೆ. ಅಂಧರಿಗೆ ಸ್ಲೀಪರ್ ಟಿಕೆಟಿನಲ್ಲಿ 75 ಶೇಕಡಾ ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಸರ್ಕಾರಿ ಬಸ್ಸುಗಳಲ್ಲಿ ಅಂಧರಿಗೆ ಉಚಿತ ಪಾಸ್ ಇದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಕೊಂಡಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಚಾರ್ಜು ಅರ್ಧಕ್ಕಿಂತ ಕಡಿಮೆ ಇದ್ದರೆ ಮನೆ ಬಿಡಬೇಡಿ, ಜಿಪಿಎಸ್ ಬ್ಯಾಟರಿ ತಿನ್ನುತ್ತದೆ. ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಮನೆಯವರಿಗೆ ಭಯ ಇದ್ದರೆ ವಾಟ್ಸಾಪಿನ ಲೈವ್ ಲೊಕೇಶನ್ 1 ಗಂಟೆಗೆ ಹಾಕಿ ಹೊರಡಿ. ನಮ್ಮವ್ವ ಮೊದಲ ತಿಂಗಳು ಪೂರ್ತಿ ಅದನ್ನು ನೋಡುತ್ತಾ ಕೂರುತ್ತಿದ್ದಳು, ಈಗ ಕೇಳೋದೂ ಇಲ್ಲ.

ಹಾಕಿಕೊಂಡ ಗುರುತುಗಳನ್ನು ಸುಮ್ನೆ ನಿಮ್ಮ ಫೋನಿನಲ್ಲೇ ಇಟ್ಟುಕೊಳ್ಳಬೇಡಿ. ಲೊಕೇಶನ್, ಅದರ ಕೆಳಗಿನ ವಾಯ್ಸ್ ಮೆಸೇಜ್, ಎರಡನ್ನೂ ಒಟ್ಟಿಗೆ ಆರಿಸಿ ಫಾರ್ವರ್ಡ್ ಮಾಡಿ. ಗಂಗಾವತಿಗೆ ಕಾಲೇಜಿಗೆ ಬರುವ ಒಬ್ಬ ಹುಡುಗನಿಗೆ ನನ್ನ ಹನ್ನೊಂದು ಸ್ಟಾಪು ಕಳಿಸಿದ್ದೆ. ಮರುವಾರ ಅವನಿಂದ ಕಾರಟಗಿ ಕಡೆಯ ನಾಲ್ಕು ಬಂದವು, ಯಾವ ಬದಿಗೆ ನಾಯಿಗಳಿವೆ ಅನ್ನೋದನ್ನೂ ಸೇರಿಸಿ.