ಸಮುದ್ರ ಮೀನುಗಳನ್ನು ದೊಡ್ಡ ಟ್ಯಾಂಕಿಗೆ ಬದಲಾಯಿಸಿದ ಬಗೆ

ತುಮಕೂರಿನ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಚೆನ್ನಾಗಿ ನಡೆದುಕೊಂಡು ಬಂದಿದ್ದ ಉಪ್ಪುನೀರಿನ ಟ್ಯಾಂಕು ಮೂರಡಿ ಉದ್ದದ್ದಾಗಿದ್ದು, ಸುಮಾರು 190 ಲೀಟರ್ ಹಿಡಿಯುತ್ತಿತ್ತು. ಅದರಲ್ಲಿದ್ದುದು ಒಂದು ಜೋಡಿ ಕ್ಲೌನ್ ಮೀನು, ಒಂದು ಬ್ಲೆನ್ನಿ, ಕೆಲವು ಡ್ಯಾಮ್ಸೆಲ್‌ಗಳು. ಹವಳವನ್ನು ನಾನು ಸಾಕುವುದಿಲ್ಲ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವುದರಿಂದ ಟ್ಯಾಂಕಿನ ಕಲ್ಲುಗಳೂ ಹವಳದವಲ್ಲ, ಸೆರಾಮಿಕ್‌ನಿಂದ ಮಾಡಿದವೇ.

ಹೊಸ ಟ್ಯಾಂಕು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ್ದು, ಅಂದರೆ 450 ಲೀಟರ್. ನೀರು, ಗಾಜು, ಕಲ್ಲು, ಮರಳು ಸೇರಿ 600 ಕಿಲೋ ದಾಟುವ ಭಾರವಾದ್ದರಿಂದ ಅದನ್ನು ನೆಲಮಹಡಿಯಲ್ಲಿಯೇ ಇರಿಸಿ, ಸ್ಟ್ಯಾಂಡಿನ ನಾಲ್ಕೂ ಬದಿಗೆ ರಸಮಟ್ಟ ಹಿಡಿದು ನೋಡಿದ ಮೇಲೆಯೇ ಥರ್ಮಾಕೋಲ್ ಹಾಳೆ ಹಾಸಿ ಟ್ಯಾಂಕನ್ನು ಕೂರಿಸಿದೆವು.

ಹಳೆಯ ನೀರನ್ನು ಹಾಗೆಯೇ ತುಂಬಿಕೊಂಡರೆ ಸಾಕೆಂದು ಹಲವರು ನಂಬುತ್ತಾರೆ. ಆದರೆ ಮೀನಿನ ತ್ಯಾಜ್ಯದ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ನೈಟ್ರೇಟ್ ಆಗಿ ಬದಲಾಯಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದು ಅತಿ ಕಡಿಮೆ. ಅವು ಕಲ್ಲಿನ ರಂಧ್ರಗಳಿಗೂ ಫಿಲ್ಟರಿನ ಉಂಗುರಗಳಿಗೂ ಅಂಟಿಕೊಂಡು ಬದುಕುತ್ತವೆ. ಆದ್ದರಿಂದ ನನ್ನ ಇಡೀ ಯೋಜನೆ ಕಲ್ಲುಗಳನ್ನು ಒಣಗದಂತೆ ಕಾಯ್ದುಕೊಳ್ಳುವುದರ ಸುತ್ತಲೇ ಇತ್ತು. ಹಳೆಯ ನೀರನ್ನು ಬಳಸಿಕೊಂಡದ್ದು ಉಪ್ಪಿನ ಖರ್ಚು ಉಳಿಯಲಿ, ಮೀನುಗಳಿಗೆ ಬದಲಾವಣೆ ಸೌಮ್ಯವಾಗಲಿ ಎಂದಷ್ಟೇ.

ಹೆಚ್ಚು ಸಮಯ ಹಿಡಿದದ್ದು ಹೊಸ ನೀರು. ಬೋರ್‌ವೆಲ್ ನೀರು ಗಡಸು; ಬುಗುಡನಹಳ್ಳಿಯಿಂದ ನಗರಕ್ಕೆ ಬರುವ ಹೇಮಾವತಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಹೀಗಾಗಿ ಆರ್‌ಒ ಯಂತ್ರವೇ ಗತಿ. ಆದರೆ ಮನೆಬಳಕೆಯ ಬಹುಪಾಲು ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನು ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಜ್ ತೆಗೆದು, ಕೊನೆಯಲ್ಲಿ ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಕೊಳವೆಯೊಂದನ್ನು ಜೋಡಿಸಿದ ಮೇಲೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿತು. ನೀಲಿ ಡ್ರಮ್ಮುಗಳಲ್ಲಿ ಸಂಗ್ರಹಿಸಿದ ಆ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರ ಉಪ್ಪು ಹಾಕಿ, ಪಂಪು ಬಿಟ್ಟು ರಾತ್ರಿಯಿಡೀ ತಿರುಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೊಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರುವವರೆಗೆ ಚೂರುಚೂರೇ ಸೇರಿಸಿದೆ. ಉಷ್ಣತೆಯನ್ನೂ ಹಳೆಯ ಟ್ಯಾಂಕಿನ 26 ಡಿಗ್ರಿಗೆ ಹೊಂದಿಸಿದೆ.

ಸಾಗಿಸುವ ದಿನ ಮೊದಲು ಮೇಲಿನ ತಿಳಿನೀರನ್ನು ಪೈಪಿನಿಂದ ಟಬ್ಬುಗಳಿಗೆ ಇಳಿಸಿಕೊಂಡು, ಅದರಲ್ಲೇ ಕಲ್ಲುಗಳನ್ನು ಮುಳುಗಿಸಿದೆ. ಪ್ರತಿ ಕಲ್ಲನ್ನೂ ಬಕೆಟ್ಟಿನ ಮೇಲೆ ಹಿಡಿದು ಓರೆಮಾಡಿ ಅಲುಗಿಸುವುದು ಅಗತ್ಯ, ಏಕೆಂದರೆ ಕಲ್ಲಿನ ತೂತುಗಳಲ್ಲಿ ಅಡಗುವ ಬ್ಲೆನ್ನಿಯಂಥ ಮೀನು ಬಲೆಗೆ ಸಿಗುವುದಿಲ್ಲ. ನಮ್ಮದು ಮೂರನೆಯ ಕಲ್ಲಿನ ತೂತಿನಿಂದ ಬಾಲ ಮುಂದಾಗಿ ಜಾರಿ ಬಿತ್ತು. ಕಲ್ಲು ತೆಗೆದು, ನೀರು ಗೇಣುದ್ದಕ್ಕೆ ಇಳಿದ ಮೇಲೆ ಮಿಕ್ಕ ಮೀನುಗಳನ್ನು ಹಿಡಿಯುವುದು ಸುಲಭ. ಮುಚ್ಚಳವಿರುವ ಬಕೆಟ್ಟುಗಳಲ್ಲಿ ಅವುಗಳನ್ನು ಬಿಟ್ಟು, ಕರೆಂಟ್ ಹೋದರೂ ನಿಲ್ಲದ ಬ್ಯಾಟರಿ ಏರ್‌ಪಂಪ್ ಹಾಕಿದ್ದೆ.

ಹಳೆಯ ಮರಳಿನ ಬಗ್ಗೆ ನಾನು ಕಟ್ಟುನಿಟ್ಟು. ಮೇಲ್ಪದರ ಬೆಳ್ಳಗಿದ್ದರೂ ಅಂಗುಲ ಕೆಳಗೆ ಸೌಟು ಹಾಕಿದರೆ ಕಪ್ಪು ಪಟ್ಟೆಗಳು, ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ. ಜೊತೆಗೆ ಅಲ್ಲಿ ಶೇಖರವಾದ ಕಸವೆಲ್ಲ ಕದಡಿ ಅಮೋನಿಯಾ ಏರಿಸುತ್ತದೆ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅದೇ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಹೆಚ್ಚು ವಿಷಕಾರಿ. ಆದ್ದರಿಂದ ಮೇಲ್ಪದರದ ಒಂದು ಬಟ್ಟಲಷ್ಟನ್ನು ಮೊಸರಿಗೆ ಹೆಪ್ಪು ಹಾಕಿದಂತೆ ಹೊಸ ಅರಗೊನೈಟ್ (ಸುಣ್ಣದಂಶದ ಖನಿಜ) ಮರಳಿಗೆ ಬೆರೆಸಿ, ಉಳಿದದ್ದನ್ನು ಹೊರಹಾಕಿದೆ. ಕದಡಬಾರದೆಂದು ಮರಳಿನ ಮೇಲೆ ತಟ್ಟೆಯಿಟ್ಟು ಅದರ ಮೇಲೆ ನೀರು ಸುರಿದೆವು.

ನಂತರ ಕಲ್ಲು, ಫಿಲ್ಟರ್, ಕೊನೆಗೆ ಮೀನು. ಹೊಸ ನೀರನ್ನು ಸಣ್ಣ ಕೊಳವೆಯಿಂದ ಬಕೆಟ್ಟಿಗೆ ಹನಿಹನಿಯಾಗಿ ಬಿಟ್ಟು ಹೊಂದಿಸಿದ ಬಳಿಕ ದೀಪ ಆರಿಸಿದ ಟ್ಯಾಂಕಿಗೆ ಅವುಗಳನ್ನು ಇಳಿಸಿದೆ. ಕಲ್ಲುಗಳ ಜೋಡಣೆಯೇ ಬದಲಾದ್ದರಿಂದ ಡ್ಯಾಮ್ಸೆಲ್‌ಗಳ ಹಳೆಯ ಗಡಿಜಗಳವೂ ಕೆಲಕಾಲ ತಣ್ಣಗಾಯಿತು.

ಮೊದಲ ವಾರ ಮೇವು ಕಡಿಮೆ ಮಾಡಿ ದಿನವೂ ಅಮೋನಿಯಾ ಪರೀಕ್ಷಿಸಿದೆ, ಅದರ ಪ್ರಮಾಣ ತೋರಿಸುವ ಪರೀಕ್ಷಾ ದ್ರಾವಣದ ಬಣ್ಣ ಏರಲಿಲ್ಲ. ಟ್ಯಾಂಕು ದೊಡ್ಡದಾಯಿತೆಂದು ಕೂಡಲೇ ಹೊಸ ಮೀನು ತರುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬ್ಯಾಕ್ಟೀರಿಯಾಗಳ ಬಲ ಇನ್ನೂ ಹಳೆಯ ಮೀನುಗಳ ಲೆಕ್ಕಕ್ಕೇ ಇರುತ್ತದೆ. ನೀರಿನ ಮೇಲ್ಮೈ ಹಿಗ್ಗಿದ್ದರಿಂದ ತುಮಕೂರಿನ ಏಪ್ರಿಲ್ ಬಿಸಿಲಿಗೆ ಆವಿಯಾಗುವುದೂ ಹೆಚ್ಚು. ಉಪ್ಪು ಆವಿಯಾಗದೆ ಉಳಿಯುವುದರಿಂದ ಆ ಕೊರತೆಯನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದಲೇ ತುಂಬುತ್ತಿದ್ದೇನೆ.