ಸವಕಲು ವೆಬ್ ಡಿಸೈನ್ ಟ್ರೆಂಡ್‌ಗಳ ಬಗ್ಗೆ ಮಾತಾಡಲು ಹೊರಟವರಿಗೆ

ಈ ವಿಷಯದ ಮೇಲೆ ಸಮ್ಮೇಳನದಲ್ಲಿ ಮಾತಾಡಲು ಒಪ್ಪಿಕೊಂಡಿದ್ದರೆ, ಹತ್ತು ಹದಿನೈದು ಟ್ರೆಂಡ್‌ಗಳ ಪಟ್ಟಿ ಹಿಡಿದು ಹೋಗಬೇಡಿ. ಎರಡು ಮೂರು ಸಾಕು. ಪ್ರತಿ ಟ್ರೆಂಡ್ ಯಾಕೆ ಹುಟ್ಟಿತು ಅಂತ ಮೊದಲು ಹೇಳಿ. ಎಲ್ಲಿ ಹದ ತಪ್ಪಿತು ಅನ್ನೋದು ಆಮೇಲೆ.

ತಾನಾಗಿ ಸರಿಯುವ ಬ್ಯಾನರ್, ಅಂದರೆ ಕ್ಯಾರೊಸೆಲ್ ತೆಗೆದುಕೊಳ್ಳಿ. ಮುಖಪುಟದಲ್ಲಿ ಎಲ್ಲ ವಿಭಾಗದವರಿಗೂ ಜಾಗ ಬೇಕು. ಆ ಜಗಳ ಬಗೆಹರಿಸಲು ಇದು ಸುಲಭದ ದಾರಿ. ಆದರೆ ಓದಿ ಮುಗಿಸುವ ಮೊದಲೇ ಸಾಲು ಸರಿದು ಹೋಗುತ್ತದೆ. ನಿಧಾನವಾಗಿ ಓದುವವರಿಗಂತೂ ತುಂಬಾ ಕಷ್ಟ. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಜಾಸ್ತಿ ಚಲಿಸುವುದನ್ನು ನಿಲ್ಲಿಸಲು ಬಳಕೆದಾರರಿಗೆ ಅವಕಾಶ ಇರಬೇಕು ಅಂತ ಅಂಗವಿಕಲರಿಗೂ ವೆಬ್ ಬಳಸಲು ಆಗಲೆಂದು ರೂಪಿಸಿದ ಡಬ್ಲ್ಯುಸಿಎಜಿ (WCAG) ಮಾರ್ಗಸೂಚಿಯೇ ಹೇಳುತ್ತದೆ. ವೇದಿಕೆಯಲ್ಲೇ ಅಂಥದ್ದೊಂದು ಬ್ಯಾನರ್ ಓಡಿಸಿ, ಸಭಿಕರಿಗೆ ಜೋರಾಗಿ ಓದಲು ಹೇಳಿ. ಅರ್ಧಕ್ಕೇ ಸಾಲು ಮಾಯವಾದಾಗ ಎಲ್ಲರಿಗೂ ತಾನಾಗಿಯೇ ಅರ್ಥವಾಗುತ್ತದೆ.

ತಿಳಿ ಬೂದು ಅಕ್ಷರಗಳೂ ಒಳ್ಳೆಯ ಉದಾಹರಣೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಅಷ್ಟು ಹೊಳಪಿನ ವ್ಯತ್ಯಾಸ, ಬೇಕು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಬೆಳಕಿರುವ ಸಭಾಂಗಣದಲ್ಲಿ ಪ್ರೊಜೆಕ್ಟರ್ ಅದನ್ನು ಇನ್ನೂ ಮಂಕು ಮಾಡುತ್ತದೆ. ಹಿಂದಿನ ಸಾಲಿನವರನ್ನೇ ಕೇಳಿ ನೋಡಿ. ಪ್ಯಾರಲಾಕ್ಸ್, ಅಂದರೆ ಸ್ಕ್ರೋಲ್ ಮಾಡುವಾಗ ಹಿನ್ನೆಲೆಯೂ ಮುನ್ನೆಲೆಯೂ ಬೇರೆ ಬೇರೆ ವೇಗದಲ್ಲಿ ಸರಿಯುವ ವಿನ್ಯಾಸ, ತೋರಿಸುವುದಿದ್ದರೆ ಮಾತ್ರ ಮೊದಲೇ ತಿಳಿಸಿಬಿಡಿ, ಕೆಲವರಿಗೆ ನಿಜವಾಗಿ ತಲೆ ಸುತ್ತುತ್ತದೆ.

ಇನ್ನೊಂದು ಮಾತು. ಬೇರೆಯವರ ಸೈಟಿನ ಸ್ಕ್ರೀನ್‌ಶಾಟ್ ಹಾಕಿ ಸಭೆಯನ್ನು ನಗಿಸಬೇಡಿ. ಅದನ್ನು ಕಟ್ಟಿದವರು ಅಲ್ಲೇ ಕೂತಿರಬಹುದು, ಅಲ್ವಾ? ಅದರ ಬದಲು ನಿಮ್ಮದೇ ಹಳೆಯ ಕೆಲಸ ತೋರಿಸಿ. ಆಗ ಯಾವ ಒತ್ತಡ ಇತ್ತು, ಈಗಾದರೆ ಏನು ಬದಲಿಸುತ್ತೀರಿ ಅಂತ ಬಿಡಿಸಿ ಹೇಳಿ.