ದಪ್ಪ ಅಕ್ಷರದ ಒಳಗಿನ ಬಿಳಿ: ಒಂದು ಸೆರಿಫ್ ಫಾಂಟ್ ಮಾಡಿದ ನನ್ನ ಅನುಭವ

ದಪ್ಪ ಸೆರಿಫ್ ಫಾಂಟ್ (ಗೆರೆಗಳ ತುದಿಯಲ್ಲಿ ಚಿಕ್ಕ ಪಾದ, ಅಂದರೆ ಸೆರಿಫ್, ಇರುವ ಅಕ್ಷರ) ಬೇಕಾದರೆ ಮಾಮೂಲಿ ಫಾಂಟನ್ನೇ ದಪ್ಪ ಮಾಡಿದರಾಯಿತು ಅಂತ ಅಂದುಕೊಂಡಿದ್ದೆ. ಮೊದಲ ಸಲ ಹಾಗೇ ಮಾಡಿದೆ ಕೂಡ. ರೋಮನ್ ಲಿಪಿಗೆ ನಾನೇ ಮಾಡಿದ್ದ ಒಂದು ರೆಗ್ಯುಲರ್ ಫಾಂಟ್ ಇತ್ತು. ಅದರ ಔಟ್‌ಲೈನನ್ನು ಎಲ್ಲ ಕಡೆಯಿಂದ ಒಂದೇ ಸಮ ಹೊರಕ್ಕೆ ತಳ್ಳಿದೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದರೆ, ಸಣ್ಣ 'ಇ'ಯ (e) ಕಣ್ಣು ಮುಚ್ಚಿಹೋಗಿತ್ತು, 'ಎಂ' ಇಟ್ಟಿಗೆಯ ಹಾಗೆ ಕೂತಿತ್ತು, ಸೆರಿಫ್‌ಗಳೆಲ್ಲ ಊದಿಕೊಂಡು ಪಕ್ಕದ ಅಕ್ಷರಕ್ಕೆ ತಗಲುತ್ತಿದ್ದವು. ಆ ಫೈಲನ್ನು ಅಲ್ಲಿಗೇ ಬಿಟ್ಟೆ.

ಮತ್ತೆ ಶುರು ಮಾಡುವ ಮೊದಲು ಹಳೆಯ ಕೆಲಸಗಳನ್ನು ಕೂತು ನೋಡಿದೆ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಜಾಹೀರಾತುಗಳಿಗೆ ಬಂದ ಫ್ಯಾಟ್ ಫೇಸ್ ಅಕ್ಷರಗಳಲ್ಲಿ ನೇರ ಗೆರೆ ಭಾರೀ ದಪ್ಪ, ಅಡ್ಡ ಗೆರೆ ಕೂದಲಿನಷ್ಟು ತೆಳು. 1922ರಲ್ಲಿ ಓಸ್ವಾಲ್ಡ್ ಕೂಪರ್ ಅವರ ಕೂಪರ್ ಬ್ಲ್ಯಾಕ್ ಹಿಡಿದ ದಾರಿಯೇ ಬೇರೆ. ಅಲ್ಲಿ ಸೆರಿಫ್ ದುಂಡಗಿದೆ, ದಪ್ಪಕ್ಕೂ ತೆಳುವಿಗೂ ಅಷ್ಟೊಂದು ಅಂತರ ಇಲ್ಲ. ಎರಡನ್ನೂ ತುಂಬ ಹೊತ್ತು ನೋಡಿದ ಮೇಲೆ ಒಂದು ಹೊಳೆಯಿತು: ಎರಡರಲ್ಲೂ ಒಳಗಿನ ಬಿಳಿ ಜಾಗವನ್ನು, ಅಂದರೆ ಕೌಂಟರನ್ನು, ಕಾಪಾಡಿಕೊಂಡೇ ಕಪ್ಪನ್ನು ತುಂಬಿದ್ದಾರೆ. ನಾನು ಮೊದಲ ಸಲ ಕಪ್ಪನ್ನಷ್ಟೇ ನೋಡಿದ್ದೆ.

ಆಮೇಲೆ ಕೆಲಸ ಬೇರೆ ಥರ ನಡೆಯಿತು. ಅಕ್ಷರ ಬಿಡಿಸುವ 1000 ಯೂನಿಟ್‌ನ ಚೌಕದಲ್ಲಿ ಸಣ್ಣ 'ಎನ್'ನ ಕಂಬ, ಅಂದರೆ ನೇರ ಗೆರೆಯ ದಪ್ಪ, 190 ಯೂನಿಟ್ ಅಂತ ಇಟ್ಟುಕೊಂಡೆ. 'ಓ'ನ ದುಂಡಗಿನ ಬದಿಗೂ ಅಷ್ಟೇ ಕೊಟ್ಟರೆ ಅದು ಸೊರಗಿದ ಹಾಗೆ ಕಾಣುತ್ತದೆ, ಯಾಕೆಂದರೆ ಆ ದಪ್ಪ ನಡುವಿನಲ್ಲಿ ಒಂದು ಕಡೆ ಮಾತ್ರ ಇರುತ್ತದೆ, ಮೇಲೆ ಕೆಳಗೆ ಕರಗಿಹೋಗುತ್ತದೆ. ಅದಕ್ಕೆ 204 ಮಾಡಿದೆ. 'ಎಂ'ಗೆ ಮೂರು ಕಂಬ, ಅಲ್ಲಿ 176ಕ್ಕೆ ಇಳಿಸಿದೆ. ಅಳತೆಯಲ್ಲಿ ಎಲ್ಲ ಬೇರೆ ಬೇರೆ, ಕಣ್ಣಿಗೆ ಮಾತ್ರ ಒಂದೇ ದಪ್ಪ. ಎಕ್ಸ್-ಹೈಟನ್ನೂ, ಅಂದರೆ ಸಣ್ಣ 'ಎಕ್ಸ್'ನಂಥ ಅಕ್ಷರಗಳ ಎತ್ತರವನ್ನೂ, 480ರಿಂದ 530ಕ್ಕೆ ಏರಿಸಿದೆ. ಇಲ್ಲದಿದ್ದರೆ 'ಇ'ಯ ಒಳಗೆ ಬಿಳಿಗೆ ಜಾಗವೇ ಸಿಗುತ್ತಿರಲಿಲ್ಲ.

ಜಾಸ್ತಿ ದಿನ ತಿಂದದ್ದು ಸಣ್ಣ 'ಎ' (a). ಮೇಲೊಂದು ಕೊಕ್ಕೆ, ನಡುವೆ ಹೊಟ್ಟೆ, ಪಕ್ಕದಲ್ಲಿ ಕಂಬ, ಕೆಳಗೆ ಬಾಲ. ಹೊಟ್ಟೆಯ ಗೆರೆ ಕಂಬಕ್ಕೆ ಸೇರುವಲ್ಲಿ ಒಂದು ಕಪ್ಪು ಗಂಟು ಬೀಳುತ್ತಿತ್ತು. ಕಣ್ಣು ಅರ್ಧ ಮುಚ್ಚಿ ನೋಡಿದರೆ ಸಾಕು, ಇಡೀ ಪದದಲ್ಲಿ ಅದೊಂದೇ ಎದ್ದು ಕಾಣುತ್ತಿತ್ತು. ಗೆರೆಯನ್ನು ಸೇರುವ ಮೊದಲೇ 34 ಯೂನಿಟ್‌ಗೆ ಸಣ್ಣ ಮಾಡಿದೆ, ಕಂಬವನ್ನೂ ಆ ಜಾಗದಲ್ಲಿ ಒಂದು ಚೂರು ಕೆತ್ತಿದೆ. ದೊಡ್ಡದು ಮಾಡಿ ನೋಡಿದರೆ ಆ ಕೆತ್ತು ವಿಚಿತ್ರವಾಗಿ ಕಾಣುತ್ತದೆ, ಪದದೊಳಗೆ ಇಟ್ಟರೆ ಗೊತ್ತೇ ಆಗುವುದಿಲ್ಲ. ಹನ್ನೊಂದು ಸಲ ಪ್ರಿಂಟ್ ತೆಗೆದಿದ್ದೇನೆ, ಆ ಒಂದು ಅಕ್ಷರಕ್ಕೆ! ಹಾಳೆಯನ್ನು ತಲೆಕೆಳಗು ಮಾಡಿ ನೋಡುವುದನ್ನೂ ಆಗಲೇ ರೂಢಿ ಮಾಡಿಕೊಂಡೆ. ಓದುವ ಚಟ ಬಿಟ್ಟುಹೋಗಿ ಆಕಾರ ಮಾತ್ರ ಕಾಣುತ್ತದೆ.

ಸ್ಪೇಸಿಂಗ್‌ನಲ್ಲೂ ಇದೇ ಲೆಕ್ಕ. ಒಳಗಿನ ಬಿಳಿ ಕಡಿಮೆ ಇರುವುದರಿಂದ ಅಕ್ಷರ ಅಕ್ಷರದ ನಡುವಿನ ಬಿಳಿಯೂ ಕಡಿಮೆಯೇ ಇರಬೇಕು, ಇಲ್ಲದಿದ್ದರೆ ಪದ ಚೆಲ್ಲಾಪಿಲ್ಲಿ ಆಗುತ್ತದೆ. 'ಎನ್', 'ಓ' ಎರಡನ್ನೇ ಅದಲುಬದಲು ಜೋಡಿಸಿ ಸಾಲುಗಟ್ಟಲೆ ಹಾಕಿ ಮೊದಲು ಅವನ್ನು ಸರಿ ಮಾಡಿಕೊಂಡೆ. ಕರ್ನಿಂಗ್, ಅಂದರೆ ಒಂದೊಂದು ಜೋಡಿ ಅಕ್ಷರದ ನಡುವಿನ ಅಂತರ ತಿದ್ದುವುದು, ಆಮೇಲೆ. ದಯವಿಟ್ಟು ಆಮೇಲೆಯೇ ಮಾಡಿ. ಸ್ಪೇಸಿಂಗ್ ಕೆಟ್ಟಿದ್ದರೆ ಒಂದೊಂದೇ ಜೋಡಿಯನ್ನು ಕರ್ನಿಂಗ್‌ನಲ್ಲಿ ತಿದ್ದುತ್ತಾ ಕೂತರೆ ಮುಗಿಯುವುದೇ ಇಲ್ಲ.

ಬಳಸುವ ವಿಷಯಕ್ಕೆ ಬಂದರೆ, ಇಂಥ ಫಾಂಟ್‌ಗೆ ಎರಡು ಮೂರು ಪದ ಕೊಡಿ, ದೊಡ್ಡದಾಗಿ ಕೊಡಿ. ಪೋಸ್ಟರ್, ಪುಸ್ತಕದ ಮುಖಪುಟ, ಪ್ಯಾಕೆಟ್ ಮೇಲಿನ ಹೆಸರು, ಇಂಥ ಕಡೆ ಒಂದೇ ಪದ ಸಾಕು, ಬೇರೆ ಚಿತ್ರವೇ ಬೇಡ. ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು, ಆದರೆ ಮೇಲಿನ ಸಾಲಿನ 'ಜಿ'ಯ ಬಾಲ ಕೆಳಗಿನ ಸಾಲಿನ 'ಎಲ್'ನ ತಲೆಗೆ ತಾಗುತ್ತಾ ಅಂತ ನೋಡಿಕೊಳ್ಳಿ. ಪಕ್ಕದಲ್ಲಿ ಓದುವ ಪಠ್ಯಕ್ಕೆ ಸೆರಿಫ್ ಇಲ್ಲದ ಸಾದಾ ಸ್ಯಾನ್ಸ್ ಹಾಕುತ್ತೇನೆ. ಒಬ್ಬ ಗೆಳೆಯರು ಇದನ್ನೇ 10 ಪಾಯಿಂಟ್‌ನಲ್ಲಿ ಇಡೀ ಪುಟಕ್ಕೆ ಹಾಕಿದ್ದರು. ತೆಳು ಗೆರೆಗಳು ಮಾಯ, ಬರೀ ಕಪ್ಪು ಕಂಬಗಳ ಬೇಲಿ.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಹಾಕುವಾಗ ಇನ್ನೊಂದು ತೊಂದರೆ. ಪರದೆಯ ಮೇಲೆ ಬಿಳಿ ಹರಡಿಕೊಂಡು ಅಕ್ಷರ ಇನ್ನೂ ದಪ್ಪ ಕಾಣುತ್ತದೆ. ಅಚ್ಚಿನಲ್ಲಿ ಉಲ್ಟಾ, ಸುತ್ತಲಿನ ಶಾಯಿ ಒಳಕ್ಕೆ ಹರಿದು ತೆಳು ಗೆರೆ ಮುಚ್ಚಿಹೋಗುತ್ತದೆ. ಒಂದೇ ಫೈಲ್ ಎರಡಕ್ಕೂ ಆಗಲಿಲ್ಲ. ಹಾಗಾಗಿ ಪರದೆಗೆ ಕಂಬವನ್ನು 180 ಮಾಡಿದೆ, ಅಚ್ಚಿಗೆ ತೆಳು ಗೆರೆಯನ್ನು 34ರಿಂದ 46ಕ್ಕೆ ಏರಿಸಿದೆ. ಅಚ್ಚಿನ ಫೈಲಿನಲ್ಲಿ ಸಣ್ಣ 'ಎ'ಯ ಆ ಗಂಟು ಮತ್ತೆ ಬಂದಿದೆ. ಈ ವಾರ ಅದನ್ನೇ ಕೆತ್ತುತ್ತಾ ಕೂತಿದ್ದೇನೆ.